ಗೆಟ್ಟಿಸ್‌ಬರ್ಗ್‌ಗೆ ಹೋದರೆ ಆ ಬಯಲು ದಾಟಿ ಬನ್ನಿ

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ರಾಜ್ಯಗಳ ಸೈನ್ಯವೂ ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಸೈನ್ಯವೂ 1863ರಲ್ಲಿ ಕಾದಾಡಿದ ಊರು ಗೆಟ್ಟಿಸ್‌ಬರ್ಗ್. ವಾಷಿಂಗ್ಟನ್‌ನಿಂದ ಸುಮಾರು 80 ಮೈಲಿ. ರೈಲಿಲ್ಲ, ಕಾರು ಬೇಕೇ ಬೇಕು. ಯುದ್ಧಭೂಮಿ ನೋಡಲು ಶುಲ್ಕವಿಲ್ಲ, ಮ್ಯೂಸಿಯಂಗೆ ಮಾತ್ರ ಟಿಕೆಟ್ ಇದೆ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಲೈಸೆನ್ಸ್ ಇರುವ ಗೈಡ್‌ಗೆ ಮಾಡಿ. ನಿಮ್ಮ ಕಾರನ್ನು ಅವರೇ ಓಡಿಸುತ್ತಾ ಕಥೆ ಹೇಳುತ್ತಾರೆ. ಮುಂಚಿತವಾಗಿ ಬುಕ್ ಮಾಡಿಕೊಳ್ಳಿ.

ಹೆಚ್ಚಿನವರು ಕಾರಿನಲ್ಲೇ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಕ್ಷಿಣದ ಸೈನ್ಯ ನಡೆಸಿದ ಜನರಲ್ ಲೀ ಕುದುರೆಯ ಮೇಲೆ ಕುಳಿತ ಪ್ರತಿಮೆಯಿರುವ ವರ್ಜೀನಿಯಾ ಸ್ಮಾರಕದ ಬಳಿ ಇಳಿದು, ಉತ್ತರದ ಸೈನ್ಯ ನಿಂತಿದ್ದ ಎದುರಿನ ದಿಬ್ಬದವರೆಗೆ ನಡೆಯಿರಿ. ಒಂದು ಮೈಲಿಯೂ ಆಗಲಾರದು. 1863ರ ಜುಲೈ 3ರ ಮಧ್ಯಾಹ್ನ ಈ ಮರಗಳ ಮರೆಯಿಂದ ದಕ್ಷಿಣದ ಸುಮಾರು 12,500 ಸೈನಿಕರು ಸಾಲುಗಟ್ಟಿ ಹೊರಟರು. ಈ ದಾಳಿ ಬೇಡವೆಂದು ಲೀ ಕೈಕೆಳಗಿನ ಜನರಲ್ ಲಾಂಗ್‌ಸ್ಟ್ರೀಟ್ ಹೇಳಿದ್ದರು, ಲೀ ಕೇಳಲಿಲ್ಲ. ದಾಳಿಗೆ ಜನರಲ್ ಪಿಕೆಟ್ ಹೆಸರು ಅಂಟಿಕೊಂಡಿದೆ, ಆದರೆ ಜೊತೆಗೆ ಹೊರಟ ಜನರಲ್‌ಗಳಾದ ಪೆಟ್ಟಿಗ್ರೂ ಮತ್ತು ಟ್ರಿಂಬಲ್ ಅವರ ಕೈಕೆಳಗಿನವರೂ ಅಷ್ಟೇ ಸತ್ತರು.

ಕಾರಿನಿಂದ ನೋಡಿದರೆ ಮಟ್ಟಸವಾಗಿ ಕಾಣುವ ನೆಲದಲ್ಲಿ ಏರಿಳಿತಗಳಿವೆ. ತಗ್ಗಿಗೆ ಇಳಿದಾಗ ಎದುರಿನ ಸಾಲು ಮರೆಯಾಗುತ್ತದೆ, ಏರಿದ ಕೂಡಲೇ ಪೂರ್ತಿ ಬಯಲಿಗೆ ಬೀಳುತ್ತೀರಿ. ಎಮಿಟ್ಸ್‌ಬರ್ಗ್ ರಸ್ತೆ ಬಂದಾಗ ಒಂದು ಕ್ಷಣ ನಿಲ್ಲಿ. ಗುಂಡಿನ ಮಳೆಯಲ್ಲಿ ಬೇಲಿ ಹತ್ತಿ ಇಳಿಯಬೇಕಾಗಿ ಬಂದದ್ದು ಇಲ್ಲೇ. ಮುಂದೆ ಕಲ್ಲಿನ ಗಿಡ್ಡ ಗೋಡೆ. ಕತ್ತಿಯ ತುದಿಗೆ ಟೋಪಿ ಸಿಕ್ಕಿಸಿಕೊಂಡು ಅದನ್ನು ದಾಟಿದ ಜನರಲ್ ಆರ್ಮಿಸ್ಟೆಡ್ ಗುಂಡೇಟು ತಿಂದು ಬಿದ್ದ ಜಾಗದಲ್ಲೊಂದು ಸಣ್ಣ ಕಲ್ಲಿದೆ. ಹೊರಟವರಲ್ಲಿ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಗೋಡೆಯ ಬಳಿ ನಿಂತು ಬಂದ ದಾರಿಯನ್ನು ನೋಡಿದರೆ ಲಾಂಗ್‌ಸ್ಟ್ರೀಟ್ ಯಾಕೆ ಬೇಡವೆಂದರು ಎಂಬುದಕ್ಕೆ ಗೈಡ್ ಬೇಕಾಗುವುದಿಲ್ಲ.

ಉತ್ತರದ ಜನರಲ್‌ಗಳ ಆಜ್ಞೆಯೂ ಅಗ್ಗದ್ದಾಗಿರಲಿಲ್ಲ. ದಿಬ್ಬದ ಮೇಲೆಯೇ ದಕ್ಷಿಣಕ್ಕೆ ಹೋದರೆ, ಬಯೊನೆಟ್ ಹಿಡಿದು ಓಡುತ್ತಿರುವ ಸೈನಿಕನ ಪ್ರತಿಮೆ ಸಿಗುತ್ತದೆ: ಮೊದಲನೇ ಮಿನ್ನೆಸೋಟಾ ರೆಜಿಮೆಂಟಿನದು. ಜುಲೈ 2ರ ಸಂಜೆ ಸಾಲಿನಲ್ಲಿ ಬಿರುಕು ಬಿಟ್ಟಾಗ, ಬೇರೆ ಪಡೆ ಬಂದು ಸೇರುವಷ್ಟು ಹೊತ್ತು ತಡೆಯಲೆಂದು ಹ್ಯಾನ್‌ಕಾಕ್ ಇವರನ್ನು ನುಗ್ಗಿಸಿದರು. ಸ್ಮಾರಕದ ಪ್ರಕಾರ ಹೋದವರು 262, ಸತ್ತು ಗಾಯಗೊಂಡವರು 215. ಈ ಸ್ಮಾರಕವನ್ನು ತಪ್ಪಿಸಬೇಡಿ, ಪಕ್ಕದಲ್ಲಿರುವ ಪೆನ್ಸಿಲ್ವೇನಿಯಾದ ದೊಡ್ಡ ಗುಮ್ಮಟವನ್ನು ಬೇಕಾದರೆ ಬಿಡಿ.

ಬಯಲಲ್ಲಿ ನೆರಳಿಲ್ಲ, ಬೇಸಿಗೆಯಾದರೆ ನೀರು, ಟೋಪಿ ಇರಲಿ. ಹುಲ್ಲಿನಲ್ಲಿ ಉಣ್ಣೆ ಹುಳುಗಳ ಕಾಟವಿದೆ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ. ಮಕ್ಕಳಿದ್ದರೆ ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

1863ರ ನವೆಂಬರ್ 19ರಂದು ಅಧ್ಯಕ್ಷ ಲಿಂಕನ್ ಭಾಷಣ ಮಾಡಿದ ರಾಷ್ಟ್ರೀಯ ಸ್ಮಶಾನ ಮ್ಯೂಸಿಯಂನಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಉತ್ತರದ ಸೈನಿಕರನ್ನು ಅರ್ಧವೃತ್ತದಲ್ಲಿ ಹೂಳಿದ್ದಾರೆ, ಅಧಿಕಾರಿಗೂ ಸಿಪಾಯಿಗೂ ಒಂದೇ ಸಾಲು. ಸೂರ್ಯಾಸ್ತಕ್ಕೆ ಮುಚ್ಚುವುದರಿಂದ ಮೂರು ಗಂಟೆಯ ಹೊತ್ತಿಗೇ ಅತ್ತ ಹೊರಡಿ.