ಒಂದೇ ಹೊಲ, ಮೂರು ಮಣ್ಣು

ನಮ್ಮ ಹೊಲದ ಮೇಲಿನ ಇಳಿಜಾರಿನಲ್ಲಿ ಮೆಕ್ಕೆಜೋಳ ಪ್ರತಿ ಸಲ ಕುಳ್ಳಗೇ ಉಳಿಯುತ್ತಿತ್ತು. ಎಳೆ ಗಿಡಗಳ ಎಲೆಯಂಚು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ರಂಜಕ ಸಾಲುತ್ತಿಲ್ಲ ಅಂತ ಅಲ್ಲಿಗೆ ರಂಜಕ, ಸಾರಜನಕ ಎರಡೂ ಇರುವ ಡಿಎಪಿ ಗೊಬ್ಬರ ಜಾಸ್ತಿ ಹಾಕುತ್ತಾ ಬಂದೆ. ಇಡೀ ಹೊಲದ ಮಣ್ಣು ಬೆರೆಸಿ ಕೊಟ್ಟ ಪರೀಕ್ಷೆಯಲ್ಲಿ ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.3, ರಂಜಕ ಮಧ್ಯಮ ಅಂತ ಬಂದಿತ್ತು.

ಈ ಸಲ ಹೊಲವನ್ನು ಮೂರು ಭಾಗ ಮಾಡಿದೆ. ಅದಕ್ಕೆ ನಕ್ಷೆಯೇನೂ ಬೇಕಾಗಲಿಲ್ಲ. ಮಳೆ ನೀರು ಎಲ್ಲಿ ನಿಲ್ಲುತ್ತದೆ, ನೇಗಿಲಿಗೆ ಮಣ್ಣು ಎಲ್ಲಿ ಅಂಟುತ್ತದೆ, ಇಳುವರಿ ಎಲ್ಲಿ ಕಡಿಮೆ ಅನ್ನುವುದು ಉಳುವವನಿಗೆ ಗೊತ್ತೇ ಇರುತ್ತದೆ, ಅಲ್ವಾ? ಮೇಲೆ ಮರಳು ಮಣ್ಣು, ನಡುವೆ ಹದವಾದದ್ದು, ತಗ್ಗಿನಲ್ಲಿ ಜೇಡಿ. ಪ್ರತಿ ಭಾಗದಲ್ಲೂ ಅಂಕುಡೊಂಕಾಗಿ ನಡೆದು 15 ಕಡೆ ಗುಳಿ ತೋಡಿದೆ. 15 ಸೆಂಟಿಮೀಟರ್ ಆಳದವರೆಗೆ ಗುಳಿಯ ಪಕ್ಕದಿಂದ ಒಂದೇ ದಪ್ಪಕ್ಕೆ ಮಣ್ಣು ಕೆರೆದು ತೆಗೆದೆ. ಬದು, ಮರದ ನೆರಳು, ಹಳೇ ತಿಪ್ಪೆಯ ಜಾಗ ಬಿಟ್ಟೆ. ಪ್ಲಾಸ್ಟಿಕ್ ಬಕೆಟ್ಟೇ ಬಳಸಿದೆ. ಸತು ಲೇಪಿಸಿದ ಬಕೆಟ್ಟಾದರೆ ಸತುವಿನ ಲೆಕ್ಕ ತಪ್ಪುತ್ತದೆ.

ಮೇಲಿನ ಭಾಗದ ಪಿಎಚ್ 5.1 ಬಂತು. ಅದನ್ನು ನೋಡಿ ನಿಜಕ್ಕೂ ಸಂಕಟವಾಯಿತು. ಮಣ್ಣು ಅಷ್ಟು ಹುಳಿಯಾದಾಗ ಅಲ್ಯೂಮಿನಿಯಂ ಕರಗಿ ಬೇರನ್ನು ಸುಡುತ್ತದೆ. ಹಾಕಿದ ರಂಜಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದೂ ಅಲ್ಲದೆ ಡಿಎಪಿ, ಯೂರಿಯಾದಿಂದ ಬರುವ ಅಮೋನಿಯಂ ಮಣ್ಣಿನಲ್ಲಿ ನೈಟ್ರೇಟಾಗಿ ಬದಲಾಗುವಾಗ ಮಣ್ಣಿನ ಹುಳಿ ಇನ್ನೂ ಏರುತ್ತದೆ. ಅಂದರೆ ಮದ್ದು ಅಂತ ಹಾಕಿದ್ದೇ ರೋಗ ಹೆಚ್ಚಿಸಿತ್ತು. ಅಲ್ಲಿಗೆ ಮೊದಲು ಬೇಕಿದ್ದದ್ದು ಸುಣ್ಣ. ಎಷ್ಟು ಅಂತ ಲ್ಯಾಬಿನವರನ್ನೇ ಕೇಳಿದೆ, ಏಕೆಂದರೆ ಪಿಎಚ್ ಒಂದೇ ಇದ್ದರೂ ಮರಳಿಗಿಂತ ಜೇಡಿಗೆ ಸುಣ್ಣ ಹೆಚ್ಚು ಬೇಕು. ಅದು ಮಣ್ಣಿನಲ್ಲಿ ಕೆಲಸ ಮಾಡಲು ಸಮಯ ಹಿಡಿಯುತ್ತದೆ. ಹಾಗಾಗಿ ಬಿತ್ತನೆಗೆ ಮೂರು ತಿಂಗಳು ಮುಂಚೆಯೇ ಹರಡಿ ಉತ್ತೆ.

ತಗ್ಗಿನ ಜೇಡಿಯಲ್ಲಿ ರಂಜಕ, ಪೊಟ್ಯಾಷ್ ಎರಡೂ ಹೆಚ್ಚಿದ್ದವು. ಮೇಲಿನಿಂದ ಕೊಚ್ಚಿಕೊಂಡು ಬಂದ ಮಣ್ಣೆಲ್ಲ ಸೇರುವುದು ಅಲ್ಲೇ. ಅಲ್ಲಿ ಈ ವರ್ಷ ಡಿಎಪಿ ಇಲ್ಲ, ಯೂರಿಯಾ ಮಾತ್ರ. ನಡುವಿನ ಭಾಗಕ್ಕೆ ಎಂದಿನ ಪ್ರಮಾಣವೇ ಸಾಕಾಯಿತು.

ಸಾರಜನಕದ ವಿಷಯದಲ್ಲಿ ಮಾತ್ರ ಹಳೇ ವರದಿ ನಂಬಿ ಕೂರಬೇಡಿ. ನೈಟ್ರೇಟ್ ರೂಪದ ಸಾರಜನಕ ಮಳೆ ನೀರಿನ ಜೊತೆ ಇಳಿದು ಹೋಗುತ್ತದೆ, ಮರಳಿನಲ್ಲಂತೂ ಬೇಗ. ಮೇಲಿನ ಭಾಗಕ್ಕೆ ಯೂರಿಯಾವನ್ನು ಮೂರು ಕಂತಿನಲ್ಲಿ ಕೊಡುತ್ತಿದ್ದೇನೆ.

ತಗ್ಗಿನಲ್ಲಿ ನಾಲ್ಕು ಸಾಲಿಗೆ ಮಾತ್ರ ಬೇಕೆಂದೇ ಹಳೇ ಪ್ರಮಾಣದಲ್ಲಿ ಡಿಎಪಿ ಹಾಕಿ, ಗೂಟ ನೆಟ್ಟಿದ್ದೇನೆ. ಕೊಯ್ಲಿನ ದಿನ ಆ ತೆನೆಗಳನ್ನು ಬೇರೆಯಾಗಿಯೇ ತೂಗುತ್ತೇನೆ.