ಒಂದೇ ಮದುವೆ, ಮೂರು ಬಗೆಯ ಕೆನ್ನೆ

ಉಡುಪಿಯಲ್ಲಿ ಚಿಕ್ಕಮ್ಮನ ದೊಡ್ಡ ಮಗಳ ಮದುವೆ. ಮೇ ತಿಂಗಳು. ಕರಾವಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಬೆಳಗ್ಗೆ ಏಳಕ್ಕೇ ಬೆನ್ನೆಲ್ಲ ಒದ್ದೆ. ಮದುಮಗಳಿಗೆ ಬ್ಯೂಟಿಷಿಯನ್ ಬಂದಿದ್ದರು. ಉಳಿದ ಹೆಂಗಸರ ಮೇಕಪ್ ನನ್ನ ತಲೆಗೆ ಬಂತು. ಬೆಂಗಳೂರಿನಲ್ಲಿರುವವಳು, ದಿನಾ ಏನಾದರೂ ಹಚ್ಚಿಕೊಂಡೇ ಆಫೀಸಿಗೆ ಹೋಗುತ್ತಾಳೆ, ಅವಳಿಗೆ ಗೊತ್ತಿರುತ್ತದೆ ಅನ್ನುವುದು ಮನೆಯವರ ಲೆಕ್ಕ.

ಕಾಡಿಗೆ, ಲಿಪ್‌ಸ್ಟಿಕ್ ಎಲ್ಲರಿಗೂ ಬರುತ್ತದೆ. ಎಲ್ಲರೂ ತಡವರಿಸುವುದು ಬ್ಲಶ್, ಅಂದರೆ ಕೆನ್ನೆಯ ಬಣ್ಣ ಹಚ್ಚುವಾಗ. ಚಿಕ್ಕಮ್ಮ ಪೇಟೆಯ ಫ್ಯಾನ್ಸಿ ಸ್ಟೋರಿನಿಂದ ಒಂದು ಡಬ್ಬಿ ತಂದಿಟ್ಟಿದ್ದರು. ತಿಳಿ ಗುಲಾಬಿ. 'ಇದು ಎಲ್ಲರಿಗೂ ಆಗ್ತದೆ ಅಂದ್ರು ಅಂಗಡಿಯವರು' ಎಂದರು. ಎಲ್ಲರಿಗೂ ಆಗುವ ಬ್ಲಶ್ ಅಂತ ಒಂದು ಇಲ್ಲವೇ ಇಲ್ಲ. ನಮ್ಮ ಮನೆಯಲ್ಲೇ ಗೋಧಿ ಬಣ್ಣದವರು, ಬೆಳ್ಳಗಿನವರು, ನನ್ನ ಹಾಗೆ ಕಪ್ಪಗಿನವರು ಎಲ್ಲ ಇದ್ದೇವೆ.

ಹಾಲ್‌ನವರು ಕೊಟ್ಟ ಕೋಣೆಯಲ್ಲಿ ಹಳದಿ ಬಲ್ಬು ಉರಿಯುತ್ತಿತ್ತು. ಮೊದಲು ಕಿಟಕಿ ತೆಗೆಸಿದೆ. ಹಳದಿ ಬೆಳಕಿನಲ್ಲಿ ಕೆಂಪು ಎಷ್ಟು ಹಚ್ಚಿದರೂ ಕಡಿಮೆ ಅನ್ನಿಸುತ್ತದೆ. ಆಮೇಲೆ ಅಂಗಳಕ್ಕೆ ಬಂದಾಗ ನೋಡಬೇಕು, ಯಾರೋ ಕೆನ್ನೆಗೆ ಬಾರಿಸಿದ ಹಾಗೆ.

ಮೊದಲು ಕೂತವರು ದೊಡ್ಡಮ್ಮ. ಅರವತ್ತು ದಾಟಿದ ಬಿಳಿ ಕೆನ್ನೆ, ಒಣ ಚರ್ಮ, ಮಡಿ ಜಾಸ್ತಿ. ನನ್ನ ಕ್ರೀಮ್ ಬ್ಲಶ್ ತೆಗೆದದ್ದೇ ತಡ, 'ಇದರಲ್ಲಿ ಪ್ರಾಣಿಯದ್ದು ಎಂತದ್ದೂ ಇಲ್ಲ ಅಲ್ವಾ ಮಗಾ?' ಎಂದರು. ಚಿಕ್ಕಮ್ಮನ ಮಕ್ಕಳಿಬ್ಬರೂ ನಕ್ಕರು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಡಬ್ಬಿ ತಿರುಗಿಸಿ ಓದಿದರೆ ಬಣ್ಣದ ಗುರುತು ಸಂಖ್ಯೆ, ಸಿಐ 75470. ಅಂದರೆ ಕಾರ್ಮೈನ್, ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಬಗೆಯ ಹುಳದಿಂದ ತೆಗೆಯುವ ಕೆಂಪು. 'ಹುಳವಾ!' ಎಂದು ದೊಡ್ಡಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. ಪುಣ್ಯಕ್ಕೆ ಬ್ಯಾಗಿನಲ್ಲಿ ಮಣ್ಣುಗೆಂಪಿನ ಇನ್ನೊಂದು ಕ್ರೀಮ್ ಇತ್ತು. ಅದರ ಮೇಲೆ ಸಿಐ 77491, ಅಂದರೆ ಕಬ್ಬಿಣದ ಆಕ್ಸೈಡ್. ಕಾವಿಗೆ ಕೆಂಪು ಬರುವುದೂ ಅದರಿಂದಲೇ. ಹಾಗಂತ ಹೇಳಿದ ಮೇಲೆ ಕೆನ್ನೆ ಮುಂದೆ ಮಾಡಿದರು.

ವಯಸ್ಸಾದ ಚರ್ಮಕ್ಕೆ ಪೌಡರ್ ಬ್ಲಶ್ ಹಾಕಿದರೆ ಗೆರೆಗಳಲ್ಲಿ ಕೂತುಬಿಡುತ್ತದೆ. ಮಿನುಗಿನದ್ದಾದರೆ ಒಂದೊಂದು ಗೆರೆಯನ್ನೂ ಎತ್ತಿ ತೋರಿಸುತ್ತದೆ. ಕ್ರೀಮನ್ನು ಉಂಗುರದ ಬೆರಳಿಗೆ ಚೂರೇ ಚೂರು ತೆಗೆದು, ಇನ್ನೊಂದು ಬೆರಳಿಗೆ ಉಜ್ಜಿ ಬೆಚ್ಚಗೆ ಮಾಡಿ, ತಟ್ಟಿ ತಟ್ಟಿ ಹಚ್ಚಿದೆ. ಎಳೆಯಲಿಲ್ಲ. 'ನಗಿ, ಉಬ್ಬಿದ ಜಾಗಕ್ಕೆ ಹಚ್ಚಿ' ಎಂದು ಎಲ್ಲರೂ ಹೇಳಿಕೊಡುತ್ತಾರೆ. ಇಪ್ಪತ್ತರ ಹುಡುಗಿಗೆ ಅದು ಸರಿ. ದೊಡ್ಡಮ್ಮ ನಗು ನಿಲ್ಲಿಸಿದ ಕೂಡಲೇ ಕೆನ್ನೆ ಇಳಿಯುತ್ತದೆ, ಬಣ್ಣವೂ ಜೊತೆಗೆ ಇಳಿಯುತ್ತದೆ, ಮುಖ ಸೋತಂತೆ ಕಾಣುತ್ತದೆ. ಅವರಿಗೆ ಕೆನ್ನೆಯ ಮೂಳೆಯ ಮೇಲೆಯೇ ಹಚ್ಚಿ ಕಿವಿಯ ಮೇಲ್ಭಾಗದ ಕಡೆಗೆ ಒಯ್ಯಬೇಕು. ಮೂಗಿನ ತುದಿಗಿಂತ ಕೆಳಗೆ ಬಣ್ಣ ಇಳಿಯಬಾರದು.

ಆಮೇಲೆ ಮದುಮಗಳ ತಂಗಿ. ಹದಿನೇಳು ವರ್ಷ, ಎಣ್ಣೆ ಚರ್ಮ, ಎರಡೂ ಕೆನ್ನೆಯಲ್ಲಿ ಮೊಡವೆ. ಮುಖ ಮುಚ್ಚುವಷ್ಟು ಪೌಡರ್ ಬಳಿದುಕೊಂಡೇ ಬಂದಿದ್ದಳು. ತೊಳೆದು ಬಾ ಎಂದು ಕಳಿಸಿದೆ. ಮೊಡವೆಯ ಕೆಂಪೇ ಕೆನ್ನೆಯಲ್ಲಿ ಬೇಕಾದಷ್ಟಿತ್ತು, ಅದರ ಮೇಲೆ ಗುಲಾಬಿ ಹಚ್ಚಿದರೆ ಇನ್ನೂ ಕೆಂಪಗೆ ಕಾಣುತ್ತದೆ. ಮಿನುಗಿಲ್ಲದ ಪೀಚ್ ಪೌಡರ್ ತೆಗೆದುಕೊಂಡು, ಬ್ರಶ್ ಕೊಡವಿ, ಮೊಡವೆ ಇಲ್ಲದ ಮೇಲಿನ ಜಾಗಕ್ಕೆ ಮಾತ್ರ ತಾಗಿಸಿದೆ. ಆ ಬ್ರಶ್ಶನ್ನು ಬೇರೆಯವರಿಗೆ ಬಳಸಲಿಲ್ಲ. ಮದುವೆ ಮನೆಗಳಲ್ಲಿ ಒಂದೇ ಬ್ರಶ್ ಹತ್ತು ಮುಖ ಸುತ್ತುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಕೊನೆಗೆ ನಾನು. ಚಿಕ್ಕಮ್ಮನಿಗೆ ಬೇಜಾರಾಗಬಾರದು ಅಂತ ಅವರ ತಿಳಿ ಗುಲಾಬಿಯನ್ನು ಒಂದು ಕೆನ್ನೆಗೆ ಹಚ್ಚಿ ಕಿಟಕಿಯ ಹತ್ತಿರ ಹೋಗಿ ತೋರಿಸಿದೆ. ವಿಭೂತಿ ಸವರಿದಂತಿತ್ತು. ಇಂಥ ಬಣ್ಣಗಳನ್ನು ತಿಳಿ ಮಾಡಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಸೇರಿಸುತ್ತಾರೆ. ಬಿಳಿ ಚರ್ಮದ ಮೇಲೆ ಅದು ಕಾಣದು, ಕಪ್ಪು ಚರ್ಮದ ಮೇಲೆ ಬೂದಿಯಾಗಿ ನಿಲ್ಲುತ್ತದೆ. ಇನ್ನೊಂದು ಕೆನ್ನೆಗೆ ನನ್ನದೇ ಡಬ್ಬಿಯಿಂದ ಪುನರ್ಪುಳಿ ಶರಬತ್ತಿನಂಥ ಕಡುಗೆಂಪು ಬಣ್ಣ ಹಚ್ಚಿದೆ. ಡಬ್ಬಿಯಲ್ಲಿ ಅದನ್ನು ನೋಡಿದವರು 'ಅಯ್ಯೋ, ಇದನ್ನಾ?' ಅನ್ನುತ್ತಾರೆ. ಚರ್ಮದ ಮೇಲೆ ಹರಡಿದಾಗ ಬಿಸಿಲಲ್ಲಿ ನಡೆದು ಬಂದವಳ ಹಾಗೆ ಕಾಣುತ್ತದೆ, ಅಷ್ಟೇ. ಚಿಕ್ಕಮ್ಮ ಎರಡೂ ಕೆನ್ನೆ ನೋಡಿ, 'ಹೌದಲ್ಲ' ಎಂದರು.

ಕಪ್ಪಗಿರುವವರಿಗೆ ನಮ್ಮಲ್ಲಿ ಎಲ್ಲರೂ ಹೇಳುವುದು 'ಲೈಟಾಗಿ ಹಚ್ಕೋ' ಅಂತ. ನನ್ನನ್ನು ಕೇಳಿದರೆ ಚರ್ಮ ಎಷ್ಟು ಕಡುವೋ ಬ್ಲಶ್ಶೂ ಅಷ್ಟು ಕಡುವಿರಬೇಕು. ಇಟ್ಟಿಗೆ ಕೆಂಪು, ಪ್ಲಮ್, ಕಡು ಕಿತ್ತಳೆ, ಇವೆಲ್ಲ ನಮ್ಮವು. ಕೈ ಮಾತ್ರ ಹಗುರ ಇರಬೇಕು. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಬಣ್ಣ ಆರಿಸಿ ಅನ್ನುವ ಲೆಕ್ಕವೂ ನನ್ನ ಕೈಯಲ್ಲಿ ನಡೆಯಲಿಲ್ಲ, ನರ ಕಂಡರೆ ತಾನೇ! ಕೆಳತುಟಿಯ ಒಳಗಿನ ಬಣ್ಣ ನೋಡಿಕೊಂಡು, ಅದಕ್ಕೆ ಹತ್ತಿರದ್ದನ್ನು ಆರಿಸುತ್ತೇನೆ.

ಸೆಕೆಗೆ ಇದೆಲ್ಲ ನಿಲ್ಲುತ್ತದಾ ಅಂತ ಎಲ್ಲರಿಗೂ ಅನುಮಾನ. ತೆಳ್ಳಗೆ ಕ್ರೀಮ್, ಅದರ ಮೇಲೆ ಅದೇ ಬಣ್ಣದ ಪೌಡರ್ ಒಂದು ಸುತ್ತು. ಹೀಗೆ ಮಾಡಿಕೊಂಡದ್ದು ಊಟದವರೆಗೂ ಉಳಿಯಿತು. ತಿರುಗುಮುರುಗು ಮಾಡಿ ಪೌಡರಿನ ಮೇಲೆ ಕ್ರೀಮ್ ಹಚ್ಚಿದರೆ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಬೆವರು ಬಂದರೆ ಟಿಶ್ಯೂ ಒತ್ತಿ ತೆಗೆಯಿರಿ, ಸೆರಗಿನಲ್ಲಿ ಒರೆಸಿದರೆ ಕೆನ್ನೆಯ ಬಣ್ಣ ರೇಷ್ಮೆಗೆ.

ಯಕ್ಷಗಾನದಲ್ಲಿ ವೇಷ ಮಾಡುತ್ತಿದ್ದ ನಮ್ಮ ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. 'ವೇಷ ಕಟ್ಟುವ ಚೌಕಿಯಲ್ಲಿ ನಾವು ಬಣ್ಣ ಹಾಕುವುದು ಕಟ್ಟಕಡೆಯಲ್ಲಿ ಕೂತವನಿಗೂ ಕಾಣಲಿ ಅಂತ. ನಿಮ್ಮದು ಹತ್ತಿರ ಬಂದವನಿಗೂ ಗೊತ್ತಾಗಬಾರದು ಅಂತ. ನಿಮ್ಮದೇ ಕಷ್ಟ ಮಾರಾಯ್ತಿ' ಎಂದರು. ಆದರೆ ವೇದಿಕೆ ಹತ್ತುವ ಚಿಕ್ಕಮ್ಮನಿಗೆ ನಾನೂ ಒಂದು ಪದರ ಜಾಸ್ತಿಯೇ ಹಾಕಿದೆ. ವಿಡಿಯೋದವರ ಬಿಳಿ ಲೈಟಿನ ಮುಂದೆ ಅರ್ಧ ಬಣ್ಣ ಕಾಣುವುದೇ ಇಲ್ಲ.

ಊಟದ ಪಂಕ್ತಿಯಲ್ಲಿ ಹದಿನೇಳರ ಹುಡುಗಿ ಪಕ್ಕದಲ್ಲಿ ಬಂದು ಕೂತಳು. ತನಗೂ ಒಂದು ಬ್ಲಶ್ ಬೇಕು, ಏನು ನೋಡಿ ತಗೊಳ್ಳಲಿ ಎಂದಳು. ಅಂಗೈ ಹಿಂದೆ ಹಚ್ಚಿ ನೋಡಬೇಡ, ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ ಎಂದೆ. ಅಂಗಡಿಯಲ್ಲಿ ಹಚ್ಚಿ ನೋಡಲು ಇಟ್ಟಿರುವ ಟೆಸ್ಟರ್ ಊರೆಲ್ಲ ಮುಟ್ಟಿದ್ದು, ಮೇಲಿನ ಪದರ ಒರೆಸಿ, ಹೊಸ ಹತ್ತಿ ಕಡ್ಡಿಯಲ್ಲಿ ತೆಗೆದು ಮೊಡವೆ ಇಲ್ಲದ ಕಡೆ ಹಚ್ಚಿಕೊ. ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ಫೋನಿನ ಕ್ಯಾಮೆರಾದಲ್ಲಿ ನೋಡು. ಸ್ವಲ್ಪ ಹೊತ್ತು ತಿರುಗಾಡಿ, ಬೆವತ ಮೇಲೆ ಮತ್ತೆ ನೋಡು. ತುರಿಸಿದರೆ ಬೇಡವೇ ಬೇಡ.

'ಅಷ್ಟು ಹೊತ್ತು ಅಂಗಡಿಯವರು ಸುಮ್ನಿರ್ತಾರಾ ಅಕ್ಕ?'

'ಇರದಿದ್ದರೆ ಪಕ್ಕದ ಅಂಗಡಿಗೆ ಹೋಗು' ಎಂದೆ. ಅಷ್ಟರಲ್ಲಿ ಹೋಳಿಗೆ ಬಂತು.