ತಳವಿಲ್ಲದ ಜೇಬು

ನಾನು ಓದಿದ್ದು ಬಿಪಿಒ. ಹಾಗೆಂದ ಕೂಡಲೇ ನೆಂಟರೆಲ್ಲ ಕಾಲ್ ಸೆಂಟರ್ ಎಂದೇ ತಿಳಿಯುತ್ತಾರೆ. ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ (ಕೃತಕ ಅಂಗ ಮತ್ತು ಅಂಗಗಳಿಗೆ ಆಸರೆ ಕೊಡುವ ಸಾಧನ) ಪದವಿ, ನಾಲ್ಕು ವರ್ಷ, ಅದರ ಮೇಲೆ ಆರು ತಿಂಗಳು ಇಂಟರ್ನ್‌ಶಿಪ್ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಮಾತು ನನ್ನ ಮದುವೆಯ ಕಡೆಗೆ ಹೊರಳಿರುತ್ತದೆ. "ಕೃತಕ ಕಾಲು ಮಾಡುತ್ತೇನೆ" ಎಂದು ಚುಟುಕಾಗಿ ಮುಗಿಸಿಬಿಡುತ್ತೇನೆ. ನಿಜಕ್ಕೂ ನನ್ನ ಕೆಲಸ ಹೆಚ್ಚಾಗಿ ಕಾಲು ಇರುವವರ ಜೊತೆಗೇ: ಎಎಫ್‌ಒ (ಪಾದ, ಕಣಕಾಲಿಗೆ ಆಸರೆಯ ಬ್ರೇಸ್), ಕೆಎಎಫ್‌ಒ (ಮೊಣಕಾಲನ್ನೂ ಹಿಡಿಯುವಂಥದ್ದು), ಬೆನ್ನಿನ ಬ್ರೇಸ್, ಸೊಟ್ಟ ಪಾದದ ಮಕ್ಕಳ ಬೂಟು.

ಈಗ ಹೇಳುತ್ತಿರುವುದು ಇಂಟರ್ನ್‌ಶಿಪ್ಪಿನ ನಾಲ್ಕನೆಯ ತಿಂಗಳಿನ ಕತೆ. ಒಬ್ಬಳೇ ಕಾಸ್ಟ್, ಅಂದರೆ ಕಾಲಿನ ಪ್ಲಾಸ್ಟರ್ ಅಚ್ಚು, ತೆಗೆಯುವಷ್ಟು ಕೈ ಪಳಗಿತ್ತು. ಕೈಗಿಂತ ಹೆಚ್ಚಾಗಿ ಕತ್ತು ನೆಟ್ಟಗಾಗಿತ್ತು.

ಬಂದವರು ಒಬ್ಬ ದರ್ಜಿ. ಐವತ್ತು ದಾಟಿದ ವಯಸ್ಸು. ಎರಡನೆಯ ವರ್ಷದಲ್ಲೇ ಎಡಗಾಲಿಗೆ ಪೋಲಿಯೊ. ಅದೇ ಕಾಲಿನಲ್ಲಿ ಅಂಗಡಿ ನಡೆಸಿ, ಮನೆ ಕಟ್ಟಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ಈಗ ಪಾದದ ಮುಂಭಾಗದಡಿ ಆಣಿ ಬೆಳೆದು ನೋವು, ಎರಡು ಸಲ ಎಡವಿ ಬಿದ್ದದ್ದೂ ಆಗಿತ್ತು. ರೆಫರಲ್ ಚೀಟಿಯಲ್ಲಿ ಇದ್ದದ್ದು ಮೂರೇ ಪದ: ಎಡಗಾಲು, ಪೋಲಿಯೊ, ಎಎಫ್‌ಒ.

ನಮ್ಮ ಬ್ಯಾಚಿಗೆ ಪೋಲಿಯೊ ಎಂದರೆ ಪುಸ್ತಕದ ಒಂದು ಅಧ್ಯಾಯ. ದೇಶದಲ್ಲಿ ಕೊನೆಯ ಕಾಡು ಪೋಲಿಯೊ (ಲಸಿಕೆಯಿಂದಲ್ಲದೆ ತಾನಾಗಿ ಹರಡುವ ವೈರಸ್ಸಿನ) ಪ್ರಕರಣ ಕಾಣಿಸಿಕೊಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು. ನಾವು ದಿನವೂ ನೋಡುತ್ತಿದ್ದದ್ದು ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು, ಪಾರ್ಶ್ವವಾಯು ಹೊಡೆದವರನ್ನು. ಪೋಲಿಯೊ ಅಧ್ಯಾಯವನ್ನು ನಮ್ಮ ಮೇಷ್ಟ್ರು ಒಂದೇ ವಾರದಲ್ಲಿ ಓಡಿಸಿದ್ದರು. ರೋಗ ಊರು ಬಿಟ್ಟಿತ್ತು, ರೋಗಿಗಳು ಎಲ್ಲಿಗೆ ಹೋಗಬೇಕು?

ಮೂರು ಪುಟದ ಅಸೆಸ್‌ಮೆಂಟ್ ಫಾರಂ ಅನ್ನು ಒಂದು ಕಾಲಂ ಕೂಡ ಬಿಡದೆ ತುಂಬಿದೆ. ತೊಡೆಯ ಮುಂಭಾಗದ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ಬಲದಲ್ಲಿ ಐದಕ್ಕೆ ಗ್ರೇಡ್ 2. ಎಡಗಾಲು ಎರಡೂವರೆ ಸೆಂಟಿಮೀಟರ್ ಗಿಡ್ಡ. ಪಾದ ಈಕ್ವೈನಸ್, ಅಂದರೆ ಮುಂಭಾಗ ಕೆಳಕ್ಕೆ ಚಾಚಿ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಎಡ ಚಪ್ಪಲಿಯ ಮುಂಭಾಗ ಹಾಳೆಯಂತೆ ಸವೆದಿತ್ತು, ಹಿಮ್ಮಡಿಯಲ್ಲಿ ಅಂಗಡಿಯ ಅಚ್ಚು ಇನ್ನೂ ಮಾಸಿರಲಿಲ್ಲ. ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟು, ಕೊಂಚ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. "ಜೇಬಿನಲ್ಲಿ ಕೈ ಇಟ್ಟು ನಡೆಯುವ ಅಭ್ಯಾಸ" ಎಂದು ಷರಾ ಬರೆದೆ. ಚಡ್ಡಿ ತೊಡಲು ಅವರು ಪ್ಯಾಂಟ್ ಬಿಚ್ಚಿ ಮಡಚಿ ಇಟ್ಟಾಗ ಎಡ ಜೇಬಿಗೆ ತಳವೇ ಇಲ್ಲದ್ದು ಕಾಣಿಸಿತು. ಊರಿಗೆಲ್ಲ ಹೊಲಿಯುವ ದರ್ಜಿಯ ಜೇಬೇ ಹರಿದಿದೆಯಲ್ಲ ಎಂದು ಒಳಗೊಳಗೇ ನಕ್ಕೆ.

ಕಾಸ್ಟ್ ತೆಗೆಯಲು ಎಂದಿನಂತೆ ಸ್ಟೂಲಿನ ಮೇಲೆ ಕೂರಿಸಿದೆ. ಸ್ಟಾಕಿನೆಟ್ ಎಂಬ ತೆಳು ಚೀಲ ಎಳೆದು, ಪಾದದ ಗಂಟುಗಳಿಗೂ ಮೊಣಕಾಲ ಪಕ್ಕದ ಫಿಬುಲಾ ಮೂಳೆಯ ತಲೆಗೂ ಅಳಿಸದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಆಮೇಲೆ ಕೊಯ್ಯಲೆಂದು ಮುಂದೆ ಕಟಿಂಗ್ ಸ್ಟ್ರಿಪ್ ಇಟ್ಟು, ಪಿಒಪಿ, ಅಂದರೆ ಪ್ಲಾಸ್ಟರ್ ಪಟ್ಟಿ, ಸುತ್ತಿದೆ. ಒದ್ದೆ ಪ್ಲಾಸ್ಟರ್ ಬಿಸಿಯಾಗತೊಡಗಿದಾಗ ಪಾದವನ್ನು ಮೇಲಕ್ಕೆ ಒತ್ತಿದೆ. ಸಲೀಸಾಗಿ 90 ಡಿಗ್ರಿಗೆ ಬಂತು! ಐವತ್ತು ವರ್ಷ ಯಾರೂ ನೆಟ್ಟಗೆ ಮಾಡದ ಪಾದವನ್ನು ನಾನು ಅಂಗೈಯಲ್ಲಿ ನೆಟ್ಟಗೆ ಹಿಡಿದಿದ್ದೆ. ಕಾಸ್ಟಿನೊಳಗೆ ಎರಕ ಹೊಯ್ದ ಕಾಲಿನ ಪ್ರತಿರೂಪವೇ ಮೋಲ್ಡ್; ಅದರ ತಪಾಸಣೆಯ ಚೀಟಿಗೆ ನಮ್ಮ ಮೇಲ್ವಿಚಾರಕಿ ಮೇಡಂ ಒಂದು ಮೀಟಿಂಗಿನಿಂದ ಇನ್ನೊಂದು ಮೀಟಿಂಗಿಗೆ ಹೋಗುವ ದಾರಿಯಲ್ಲಿ, ಮೆಟ್ಟಿಲ ಮೇಲೆ ನಿಂತೇ ಸಹಿ ಹಾಕಿದರು. ಆಗ ಆಸ್ಪತ್ರೆಗೆ ಯಾವುದೋ ಮಾನ್ಯತೆಯ ತಪಾಸಣೆ ಬರುವುದಿತ್ತು. ಗೋಡೆಗಳಿಗೆಲ್ಲ ಬೋರ್ಡು ಅಂಟಿಸುವ ಭರಾಟೆಯಲ್ಲಿ ಮೋಲ್ಡ್ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಪ್ಲಾಸ್ಟಿಕ್ಕು ಅಷ್ಟು ಚೆನ್ನಾಗಿ ಕೂತದ್ದು ನನಗೆ ಅದೇ ಮೊದಲು. ಹಾಲಿನ ಬಣ್ಣದ ಪಾಲಿಪ್ರೊಪಿಲೀನ್ ಹಾಳೆ ಓವನ್ನಿನಲ್ಲಿ ಗಾಜಿನಂತೆ ತಿಳಿಯಾದ ಗಳಿಗೆಯಲ್ಲೇ ತೆಗೆದು ಮೋಲ್ಡಿನ ಮೇಲೆ ಹೊದಿಸಿದೆವು. ವ್ಯಾಕ್ಯೂಮ್ ಎಳೆಯಿತು, ಒಂದು ಸುಕ್ಕೂ ಇಲ್ಲ. ಟ್ರಿಮ್ ಲೈನನ್ನು, ಅಂದರೆ ಕತ್ತರಿಸಿದ ಅಂಚನ್ನು, ಎರಡು ಗಂಟೆ ಉಜ್ಜಿ ನುಣುಪು ಮಾಡಿದ್ದೆ. ಮೊಬೈಲಿನಲ್ಲಿ ಫೋಟೊ ತೆಗೆದು ಬ್ಯಾಚಿನ ಗುಂಪಿಗೂ ಹಾಕಿದ್ದೆ.

ಫಿಟಿಂಗ್ ಇದ್ದದ್ದು ತಿಂಗಳ ಕೊನೆಯ ದಿನ. ಡೆಲಿವರಿ ರಿಜಿಸ್ಟರಿನಲ್ಲಿ ಸಂಖ್ಯೆ ತುಂಬಬೇಕಿತ್ತು. ಮೇಲ್ವಿಚಾರಕರಿಲ್ಲದೆ ಇಂಟರ್ನ್ ರೋಗಿಯನ್ನು ನಿಲ್ಲಿಸಬಾರದು ಎಂಬ ನಿಯಮ ನನ್ನ ತಲೆಯ ಮೇಲಿನ ಗೋಡೆಯಲ್ಲೇ, ಹೊಸ ಬೋರ್ಡಿನಲ್ಲಿ, ಎರಡು ಭಾಷೆಗಳಲ್ಲಿ ಇತ್ತು. ಮೇಡಂಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎಎಫ್‌ಒ ತೊಡಿಸಿ, ಮೇಲೆ ಟ್ರಯಲ್ ಸ್ಯಾಂಡಲ್ ಹಾಕಿಸಿ, ಪ್ಯಾರಲಲ್ ಬಾರ್, ಅಂದರೆ ಹಿಡಿದು ನಡೆಯುವ ಜೋಡಿ ಕಂಬಿಗಳ, ನಡುವೆ ಅವರನ್ನು ನಿಲ್ಲಿಸಿದೆ.

ನಿಂತರು. ಬಲಗೈ ಬಾರಿನ ಮೇಲೆ, ಎಡಗೈ ತೊಡೆಯ ಮೇಲೆ. ಎಡ ಮೊಣಕಾಲು ತುಸು ಬಾಗಿಯೇ ಇತ್ತು. ಹೊಸತಲ್ಲವೇ, ಹೆದರಿಕೆ ಇರಬೇಕು ಎಂದುಕೊಂಡೆ.

"ಡಾಕ್ಟರಮ್ಮಾ, ಕಾಲು ಮುಂದಕ್ಕೆ ನೂಕಿದ ಹಾಗೆ ಆಗುತ್ತಿದೆ" ಎಂದರು.

ನಾನು ಡಾಕ್ಟರಲ್ಲ ಎಂದು ತಿದ್ದಬೇಕಿತ್ತು, ತಿದ್ದಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಫೈಲಿಗೆ ಬೇಕಾದ ವೀಡಿಯೊಗಾಗಿ ಮೊಬೈಲ್ ಎತ್ತಿ ಹಿಡಿದು, "ಯಜಮಾನರೇ, ಇನ್ನು ಆ ಕೈಯ ಅಗತ್ಯ ಇಲ್ಲ. ತೊಡೆಯ ಮೇಲಿಂದ ತೆಗೆದು ಒಂದು ಹೆಜ್ಜೆ ಇಡಿ" ಎಂದೆ.

ಅವರು ನನ್ನ ಮುಖ ನೋಡಿದರು. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅನುಮಾನವೆಲ್ಲ ಅದರಲ್ಲಿತ್ತು, ಆದರೆ ಬಿಳಿ ಕೋಟು ಹೇಳಿದೆ ಎಂದು ಕೈ ತೆಗೆದರು. ಬಲಗಾಲು ನೆಲ ಬಿಟ್ಟಿತು. ಎಡ ಮೊಣಕಾಲು ಮಡಿಸುವ ಚಾಕುವಿನಂತೆ ಮಡಚಿಕೊಂಡಿತು. ನಾನು ಮೊಬೈಲ್ ಎಸೆದು ಮುಂದೆ ಹಾರುವಷ್ಟರಲ್ಲಿ ಅವರ ಇಡೀ ಭಾರ ಬಲಗೈ ಹೆಬ್ಬೆರಳಿನ ಮೇಲೆ ತಿರುಚಿಕೊಂಡು ಬಿದ್ದಿತ್ತು.

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಉಳುಕು ಅಷ್ಟೇ. ಅಷ್ಟೇ ಎಂದು ನಾವು ಅಂದೆವು. ದರ್ಜಿಗೆ ಬಲಗೈ ಹೆಬ್ಬೆರಳೆಂದರೆ ಕತ್ತರಿ. ಮದುವೆಯ ಹಂಗಾಮಿನಲ್ಲಿ ಮೂರು ವಾರ ಅವರು ಕತ್ತರಿ ಹಿಡಿಯಲಿಲ್ಲ. ಕಾಲು ಸರಿಮಾಡಿಸಿಕೊಳ್ಳಲು ಬಂದವರನ್ನು ಕೈಗೆ ಸ್ಪ್ಲಿಂಟ್ ಹಾಕಿ ಕಳುಹಿಸಿದೆ. ಆ ಸ್ಪ್ಲಿಂಟ್ ಮಾಡಿದ್ದೂ ನಾನೇ.

ಮೇಡಂ ಸಂಜೆ ಬಂದರು. ಬೈಯುತ್ತಾರೆ ಎಂದು ಕಾದೆ. ಅವರು ಎಎಫ್‌ಒ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕಾಸ್ಟನ್ನು ಕೂರಿಸಿ ತೆಗೆದೆಯಾ, ಮಲಗಿಸಿ ತೆಗೆದೆಯಾ?" ಎಂದರು. ಅಷ್ಟಕ್ಕೇ ನನ್ನ ಕಿವಿ ಬಿಸಿಯಾಯಿತು.

ಮೀನಖಂಡದ ದೊಡ್ಡ ಸ್ನಾಯು ಮೊಣಕಾಲಿನ ಮೇಲಿನಿಂದ ಹೊರಡುತ್ತದೆ. ಮೊಣಕಾಲು ಮಡಿಸಿ ಕೂತರೆ ಅದು ಸಡಿಲ, ಪಾದ ಎಲ್ಲಿಗೆ ಕರೆದರೂ ಬರುತ್ತದೆ. ನಿಂತು ಕಾಲು ಚಾಚಿದರೆ ಅದು ಬಿಗಿ. ಪಾದವನ್ನು ಪ್ಲಾಸ್ಟಿಕ್ಕಿನಲ್ಲಿ 90ಕ್ಕೆ ಬಂಧಿಸಿದ ಮೇಲೆ ಆ ಎಳೆತಕ್ಕೆ ದಾರಿ ಎಲ್ಲಿ? ಮೊಣಕಾಲನ್ನೇ ಬಾಗಿಸುತ್ತದೆ. ಬಾಗಿದ ಮೊಣಕಾಲನ್ನು ತಡೆಯಬೇಕಾದ ಕ್ವಾಡ್ರಿಸೆಪ್ಸ್ ಗ್ರೇಡ್ 2 ಎಂದು ನಾನೇ ಬರೆದಿದ್ದೆ, ನನ್ನದೇ ಅಕ್ಷರದಲ್ಲಿ. ನಾನು ದೋಷ ಎಂದು ತಿದ್ದಿದ ಈಕ್ವೈನಸ್ ಅವರ ಊರುಗೋಲಾಗಿತ್ತು: ಪಾದದ ಮುಂಭಾಗ ಮೊದಲು ನೆಲಕ್ಕೆ ಊರಿದಾಗ ಮೊಣಕಾಲ ಕೆಳಗಿನ ಭಾಗ ಹಿಂದಕ್ಕೆ ತಳ್ಳಲ್ಪಟ್ಟು ಮೊಣಕಾಲು ನೆಟ್ಟಗೆ ನಿಲ್ಲುತ್ತಿತ್ತು. ಕಾಲು ಗಿಡ್ಡವಿದ್ದದ್ದಕ್ಕೂ ಅದೇ ಪರಿಹಾರ. ಉಳಿದದ್ದನ್ನು ಕೈ ನೋಡಿಕೊಳ್ಳುತ್ತಿತ್ತು. ಇದಕ್ಕೆ ಹ್ಯಾಂಡ್ ಟು ನೀ ಗೇಟ್, ಅಂದರೆ ಮೊಣಕಾಲು ಮಡಚದಂತೆ ಕೈಯಿಂದ ಒತ್ತಿಕೊಂಡು ನಡೆಯುವ ನಡಿಗೆ, ಎಂಬ ಹೆಸರಿದೆ. ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ ತೆಗೆದುಕೊಂಡವಳು ನಾನು.

ಘಟನಾ ವರದಿಯ ಫಾರಂನಲ್ಲಿ ಕಾರಣಕ್ಕೆ ಮೂರು ಚೌಕಗಳು: ನೆಲ ಒದ್ದೆ, ಉಪಕರಣದ ದೋಷ, ರೋಗಿ ಸಮತೋಲನ ತಪ್ಪಿದ್ದು. ಆಡಳಿತದವರು ಮೂರನೆಯದಕ್ಕೆ ಟಿಕ್ ಹಾಕಿಸಿದರು. ಕೆಳಗೆ "ಕಾಸ್ಟ್ ತಪ್ಪು, ಇಂಟರ್ನ್ ಒಬ್ಬಳೇ ಇದ್ದಳು" ಎಂದು ಬರೆದೆ. ಮರುದಿನ ಫೈಲಿನಲ್ಲಿ ಹೊಸ ಹಾಳೆ ಇತ್ತು, ನನ್ನ ಸಾಲು ಇರಲಿಲ್ಲ. ತಪಾಸಣೆಯಲ್ಲಿ ಆಸ್ಪತ್ರೆ ಪಾಸಾಯಿತು.

ಅವರು ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ತಿಂಗಳಾದ ಮೇಲೆ ಬಂದರು. ಮೇಡಂ ಎದುರಿಗೇ ಇದ್ದರು. ಈ ಸಲ ಮಲಗಿಸಿ, ಮೊಣಕಾಲು ಚಾಚಿಸಿ, ಪಾದ ತಾನಾಗಿ ಎಲ್ಲಿ ನಿಂತಿತೋ ಅಲ್ಲೇ ಕಾಸ್ಟ್ ತೆಗೆದೆ. ಮಾಡಿದ್ದು ಫ್ಲೋರ್ ರಿಯಾಕ್ಷನ್ ಎಎಫ್‌ಒ, ಮೊಣಕಾಲ ಕೆಳಗೆ ಮುಂದಿನಿಂದ ಒತ್ತುವಂಥದ್ದು. ಹಿಮ್ಮಡಿಯಡಿ ಇವಿಎ ಎಂಬ ಗಟ್ಟಿ ಫೋಮ್ ತುಂಬಿ ಎತ್ತರಿಸಿದೆವು. ನೋಡಲು ಕುರೂಪಿ. ಇದರ ಫೋಟೊ ಯಾರಿಗೂ ಕಳುಹಿಸಲಿಲ್ಲ.

ಕಾಸ್ಟ್ ಒಣಗುವ ಹೊತ್ತಿನಲ್ಲಿ ಆ ಜೇಬನ್ನು ತೋರಿಸಿ ಎಂದು ಕೇಳಿದೆ. ಹರಿದದ್ದಲ್ಲ ಅದು. ತಳ ಕತ್ತರಿಸಿದ ಅಂಚನ್ನು ಒಳಮಡಚಿ, ಎರಡು ಸಾಲು ಸಣ್ಣ ಹೊಲಿಗೆ ಹಾಕಿದ್ದರು. ಅಂಗೈ ತೊಡೆಯನ್ನು ಒತ್ತುವ ಜಾಗಕ್ಕೆ ಪ್ಯಾಂಟಿನ ಒಳಗಿನಿಂದ ಮೆತ್ತನೆಯ ಬಟ್ಟೆಯ ಪಟ್ಟಿ. ಹೊರಗಿನಿಂದ ನೋಡಿದವರಿಗೆ ಜೇಬಿನಲ್ಲಿ ಕೈ ಇಟ್ಟು ಠೀವಿಯಿಂದ ನಡೆಯುವ ಮನುಷ್ಯ. "ಹದಿನಾರನೆಯ ವಯಸ್ಸಿನಲ್ಲಿ ಮೊದಲು ಹೊಲಿದೆ. ಅಂದಿನಿಂದ ನನ್ನ ಪ್ಯಾಂಟುಗಳೆಲ್ಲ ಹೀಗೇ" ಎಂದರು.

ಹೊಸದನ್ನು ತೊಟ್ಟು ಬಾರಿನೊಳಗೆ ಆರು ಸುತ್ತು, ಹೊರಗೆ ಎರಡು ಸುತ್ತು ನಡೆದರು. ಮೊಣಕಾಲು ನಿಂತಿತು. ನಾನು ಪಕ್ಕದಲ್ಲೇ ಇದ್ದೆ, ಅವರ ಸೊಂಟದ ಬೆಲ್ಟ್ ಹಿಡಿದು, ಕೈಯಲ್ಲಿ ಬೇರೇನೂ ಇಲ್ಲದೆ. ಮೊಬೈಲ್ ಬೀರುವಿನಲ್ಲಿತ್ತು. ಕಾರಿಡಾರಿನ ಕೊನೆಯಲ್ಲಿ ತಿರುಗುವಾಗ ಅವರ ಕೈ ತಾನಾಗಿ ಜೇಬಿಗೆ ಇಳಿಯಿತು. ಈ ಸಲ ಕೈ ತೆಗೆಯಿರಿ ಎನ್ನಲಿಲ್ಲ.

"ಇನ್ನು ಜೇಬಿಗೆ ತಳ ಹಾಕಿಬಿಡುತ್ತೀರಾ?" ಎಂದು ಕೇಳಿದೆ.

"ಒಂದು ಮಳೆಗಾಲ ಕಳೆಯಲಿ, ಡಾಕ್ಟರಮ್ಮಾ" ಎಂದರು.